ಹೋದ ಪ್ಯಾಕೆಟ್ ವಾಪಸ್ ಬರಬೇಕಲ್ಲ

ಓದುಗರ ಪ್ರಶ್ನೆ, ಫೋನು ಮಾವನ ಉತ್ತರ

ಈ ಸಲದ ಕಾಗದಗಳನ್ನು ಓದುತ್ತಾ ನಗು ಬಂತು. ಊರು ಬೇರೆ, ಬರೆದವರು ಬೇರೆ, ಸಂಕಟ ಮಾತ್ರ ಹೆಚ್ಚುಕಡಿಮೆ ಒಂದೇ. ಒಂದು ಡಬ್ಬಿ ಉಂಟು, ಅದರ ಎರಡು ಬದಿಗೆ ಎರಡು ನೆಟ್‌ವರ್ಕ್ ಉಂಟು, ಈ ಬದಿಯಿಂದ ಆ ಬದಿಗೆ ಏನೂ ದಾಟುವುದಿಲ್ಲ. ಹಾಗಾಗಿ ಪ್ರಿಂಟರ್ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಇನ್ನೊಂದು ಮಾತು. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕುತ್ತೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಫೈರ್‌ವಾಲಿನ ಸರಪಳಿಗಳ ಹೆಸರು, ಮಾಸ್ಕರೇಡ್, ಡ್ರಾಪ್ ಇವಕ್ಕೆ ಮಾತ್ರ ದೊಡ್ಡ ಅಕ್ಷರ.

ಪ್ರಶ್ನೆ: ಮಾವ, ನಮಸ್ಕಾರ. ನಮ್ಮೂರಿನ ವಾಚನಾಲಯದ ಮಾಳಿಗೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಹನ್ನೆರಡು ಹಳೆಯ ಕಂಪ್ಯೂಟರ್ ಇವೆ. ಕೆಳಗೆ ಆಫೀಸಿನಲ್ಲಿ ಫೈಬರ್ ರೌಟರ್, ಅದರ ವಿಳಾಸ 192.168.1.1. ಮಕ್ಕಳ ಕಂಪ್ಯೂಟರ್ ಆಫೀಸಿನ ಜತೆ ಸೇರಬಾರದು ಎಂದು ಒಂದು ಹಳೆಯ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಲಿನಕ್ಸ್ ತುಂಬಿಸಿದೆ. ಕೆಳಗಿನ ಕಡೆಯ ಕಾರ್ಡಿಗೆ 192.168.1.20, ಮಕ್ಕಳ ಕಡೆಯದಕ್ಕೆ 192.168.50.1. ಮಕ್ಕಳ ಕಂಪ್ಯೂಟರಿಗೆ 192.168.50.11ರಿಂದ ಮುಂದಕ್ಕೆ ಕೊಟ್ಟು, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.50.1 ಎಂದು ಬರೆದೆ. ಅಲ್ಲಿಂದ 50.1ಕ್ಕೆ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಪರೀಕ್ಷೆ) ಆಗುತ್ತದೆ. ಆಶ್ಚರ್ಯ ಎಂದರೆ ಆ ಬದಿಯ 1.20ಕ್ಕೂ ಆಗುತ್ತದೆ! ಆದರೆ 1.1ಕ್ಕೆ ಇಲ್ಲ. ಇಂಟರ್ನೆಟ್ಟೂ ಇಲ್ಲ. ಎಲ್ಲಿ ತಪ್ಪಿದೆ?
– ಮುಳ್ಳೇರಿಯ ಕಡೆಯಿಂದ

ಉತ್ತರ: ನೋಡಮ್ಮಾ, ಮಾಡಿದ್ದರಲ್ಲಿ ತಪ್ಪಿಲ್ಲ. ಅರ್ಧ ಕೆಲಸ ಬಾಕಿ ಉಂಟು, ಅಷ್ಟೆ. ನಿನ್ನ ಕಾಗದದಲ್ಲಿ ನನಗೆ ಇಷ್ಟವಾದದ್ದು ಆ ‘ಆಶ್ಚರ್ಯ’. ಗುಟ್ಟು ಅದರಲ್ಲೇ ಉಂಟು.

1.20 ಎಂಬುದು ಆ ಬದಿಯ ಕಾರ್ಡಿನ ವಿಳಾಸ, ಸರಿ. ಆದರೆ ಲಿನಕ್ಸ್ ವಿಳಾಸವನ್ನು ಕಾರ್ಡಿಗೆ ಕಟ್ಟಿ ಇಡುವುದಿಲ್ಲ. ಇಡೀ ಯಂತ್ರದ್ದು ಎಂದು ನೋಡುತ್ತದೆ. ಯಾವ ಬಾಗಿಲಿನಿಂದ ಬಂದು 1.20 ಎಂದು ಕರೆದರೂ ‘ನಾನೇ, ಏನು ಬೇಕು?’ ಎನ್ನುತ್ತದೆ. ಅಂದರೆ ನಿನ್ನ ಪಿಂಗ್ ಆ ಬದಿಗೆ ಹೋಗಲೇ ಇಲ್ಲ. ಜಗಲಿಯಲ್ಲೇ ಮಾತಾಡಿ ವಾಪಸ್ ಬಂತು. ಇದನ್ನು ನೋಡಿ ‘ದಾಟುತ್ತಾ ಉಂಟಲ್ಲ’ ಎಂದು ನಾನೂ ಒಮ್ಮೆ ಅರ್ಧ ದಿನ ಕೇಬಲ್ ಬದಲಿಸುತ್ತಾ ಕೂತಿದ್ದೆ.

ಈಗ ದಾಟುವ ವಿಷಯ. ನಮ್ಮ ಕಡೆ ಗುಡ್ಡೆಯ ಮೇಲಿನ ಮನೆಗಳಿಗೆ ಪೋಸ್ಟಿನವರು ದಿನಾ ಹತ್ತಿ ಹೋಗುತ್ತಿರಲಿಲ್ಲ. ರಸ್ತೆ ಬದಿಯ ಅಂಗಡಿಯಲ್ಲಿ ಕಾಗದ ಇಟ್ಟು ಹೋಗುತ್ತಿದ್ದರು. ಸಂಜೆ ಸಾಮಾನಿಗೆ ಬಂದ ಆ ಕಡೆಯ ಯಾರದ್ದಾದರೂ ಕೈಯಲ್ಲಿ ಅಂಗಡಿಯವರು ಕಳಿಸುತ್ತಿದ್ದರು. ಕಾಗದ ತಲುಪಿದ್ದು ಅಂಗಡಿಗೆ, ಅದರ ಮೇಲಿನ ಹೆಸರು ಬೇರೆಯವರದ್ದು. ನಿನ್ನಲ್ಲಿ ಆಗುವುದೂ ಇದೇ. ಮಗುವಿನ ಕಂಪ್ಯೂಟರ್ ದೂರದ ವಿಳಾಸಕ್ಕೆ ಪ್ಯಾಕೆಟ್ ಕಳಿಸುವಾಗ ಅದನ್ನು ಒಂದು ಫ್ರೇಮಿನೊಳಗೆ ಹಾಕುತ್ತದೆ. ಫ್ರೇಮಿನ ಮೇಲೆ ನಿನ್ನ ಹಳೆಯ ಪಿಸಿಯ ಮ್ಯಾಕ್ ವಿಳಾಸ, ಅಂದರೆ ಅದರ ಕಾರ್ಡಿನ ಗುರುತು ಸಂಖ್ಯೆ, ಇರುತ್ತದೆ, ಒಳಗಿನ ಪ್ಯಾಕೆಟ್ಟಿನ ಮೇಲೆ ದೂರದ ಐಪಿ ವಿಳಾಸ. ಪಿಸಿ ಅದನ್ನು ಬಿಚ್ಚಿ ನೋಡುತ್ತದೆ. ತನ್ನ ಹೆಸರಲ್ಲ. ಮುಂದಕ್ಕೆ ಕಳಿಸಬೇಕು, ಇಲ್ಲವಾದರೆ ಎಸೆಯಬೇಕು. ಮುಂದಕ್ಕೆ ಕಳಿಸುವ ಕೆಲಸಕ್ಕೆ ಫಾರ್ವರ್ಡಿಂಗ್ ಎಂದು ಹೆಸರು. ಲಿನಕ್ಸಿನಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ, ಹಾಗಾಗಿ ಎಸೆಯುತ್ತದೆ. ಸುಮ್ನೆ ಎಸೆಯುತ್ತದೆ, ಒಂದು ಮಾತೂ ಹೇಳುವುದಿಲ್ಲ.

ಆಫ್ ಇಟ್ಟದ್ದಕ್ಕೆ ಕಾರಣ ಉಂಟು. ಇಂಟರ್ನೆಟ್ಟಿಗೆ ಸೇರುವ ಸಾಮಾನ್ಯ ಯಂತ್ರಗಳು ಹೇಗಿರಬೇಕು ಎಂದು 1989ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 1122 ಎಂಬ ದಾಖಲೆ ಬಂತು. ಅಂಥ ಯಂತ್ರದಲ್ಲಿ ಗೇಟ್‌ವೇ ಕೆಲಸದ ಪ್ರೋಗ್ರಾಂ ಇದ್ದರೆ ಅದನ್ನು ನಿಲ್ಲಿಸುವ ಸ್ವಿಚ್ಚು ಇರಲೇಬೇಕು, ಆ ಸ್ವಿಚ್ಚು ಮೊದಲಿಗೆ ಗೇಟ್‌ವೇ ಅಲ್ಲದ ಸ್ಥಿತಿಯಲ್ಲೇ ಇರಬೇಕು ಎಂದು ಅದರಲ್ಲಿ ಕಟ್ಟುನಿಟ್ಟಾಗಿ ಬರೆದಿದ್ದಾರೆ. ನನಗಂತೂ ಅದು ಸರಿ ಕಾಣುತ್ತದೆ. ಲ್ಯಾಪ್‌ಟಾಪಿಗೆ ಆಫೀಸಿನ ಕೇಬಲ್ಲೂ ಸಿಕ್ಕಿಸಿದ್ದೀರಿ, ಪಕ್ಕದ ಹೋಟೆಲಿನ ವೈಫೈಗೂ ಸೇರಿದ್ದೀರಿ ಎಂದಿಟ್ಟುಕೊಳ್ಳಿ. ಅದು ತಾನಾಗಿ ರೌಟರ್ ಆಗಿಬಿಟ್ಟರೆ ಹೋಟೆಲಿನವರೆಲ್ಲ ಆಫೀಸಿನ ಒಳಗೆ!

ಸ್ವಿಚ್ಚು ಹಾಕುವುದು ಒಂದೇ ಸಾಲು. ಯಂತ್ರದ ಪೂರ್ತಿ ಅಧಿಕಾರ ಇರುವ ‘ರೂಟ್’ ಎಂಬ ಬಳಕೆದಾರನಾಗಿ ‘ಸಿಸ್‌ಸಿಟಿಎಲ್ -ಡಬ್ಲ್ಯು ನೆಟ್.ಐಪಿವಿ4.ಐಪಿ_ಫಾರ್ವರ್ಡ್=1’ ಎಂದು ಕೊಡು. ಮೊದಲ ಪದದ ಅಕ್ಷರಗಳು ಎಸ್, ವೈ, ಎಸ್, ಸಿ, ಟಿ, ಎಲ್. ಇದು ಕರೆಂಟ್ ಹೋಗುವವರೆಗೆ ಮಾತ್ರ. ನಮ್ಮ ಮಳೆಗಾಲದಲ್ಲಿ ಅದು ಎಷ್ಟು ಹೊತ್ತು ಎಂದು ನಿನಗೇ ಗೊತ್ತು. ಉಳಿಯಬೇಕಾದರೆ ‘ಇಟಿಸಿ’ ಒಳಗಿನ ‘ಸಿಸ್‌ಸಿಟಿಎಲ್.ಡಿ’ ಫೋಲ್ಡರಿನಲ್ಲಿ ‘.ಕಾನ್ಫ್’ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ, ಸಮ ಚಿಹ್ನೆಯ ಆ ಸಾಲನ್ನು ಅದರಲ್ಲಿ ಬರೆದಿಡು.

ಇಷ್ಟು ಮಾಡಿ ಪಿಂಗ್ ಕೊಡು. ಆಗುವುದಿಲ್ಲ. ‘ಮಾವ ಹೇಳಿದ್ದು ಸುಳ್ಳು’ ಎಂದು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುವವರೇ ಜಾಸ್ತಿ. ಸ್ವಲ್ಪ ತಾಳು.

ನಾನು 1985ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವ. 2020ರ ಜನವರಿಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಅಡಿಕೆ ತೋಟಕ್ಕೆ ಬಂದೆ. ಸೇರಿದ ಕಾಲದಲ್ಲಿ ಸ್ಟ್ರೌಜರ್ ಎಕ್ಸ್‌ಚೇಂಜು. ನೀವು ಒಂದೊಂದು ಅಂಕಿ ತಿರುಗಿಸಿದ ಹಾಗೆ ಒಂದೊಂದು ಸ್ವಿಚ್ಚು ಕಟಕಟ ಎಂದು ಮೇಲೇರಿ, ತಿರುಗಿ, ಲೈನ್ ಹಿಡಿಯುತ್ತಿತ್ತು. ಒಮ್ಮೆ ಹಿಡಿದರೆ ಮುಗಿಯಿತು. ಅದೇ ದಾರಿಯಲ್ಲಿ ನಿಮ್ಮ ಮಾತು ಹೋಗುತ್ತದೆ, ಅವರ ಮಾತು ಬರುತ್ತದೆ. ಬರುವ ದಾರಿಯನ್ನು ಯಾರೂ ಬೇರೆಯಾಗಿ ಮಾಡಬೇಕಾಗಿರಲಿಲ್ಲ. ಅದೇ ಬುದ್ಧಿ ಇಟ್ಟುಕೊಂಡು ಐಪಿ ಕೆಲಸಕ್ಕೆ ಇಳಿದವರಿಗೆಲ್ಲ ಇಲ್ಲೇ ಪೆಟ್ಟು ಬೀಳುತ್ತದೆ. ನನಗೂ ಬಿದ್ದಿದೆ. ಐಪಿಯಲ್ಲಿ ಹೋಗುವ ಪ್ಯಾಕೆಟ್ ಒಂದು, ಬರುವ ಪ್ಯಾಕೆಟ್ ಇನ್ನೊಂದು. ಹೋದದ್ದರ ನೆನಪು ದಾರಿಯ ರೌಟರಿಗೆ ಇರುವುದಿಲ್ಲ. ಉತ್ತರ ಬರುವಾಗ ಪ್ರತಿಯೊಂದು ಡಬ್ಬಿಯೂ ಹೊಸದಾಗಿ ‘ಇದು ಎಲ್ಲಿಗೆ?’ ಎಂದು ತನ್ನ ದಾರಿಗಳ ಟೇಬಲ್ ನೋಡುತ್ತದೆ.

ಈಗ ನಿನ್ನ ಕೆಳಗಿನ ರೌಟರಿನ ಜಾಗದಲ್ಲಿ ಕೂತು ನೋಡು. 192.168.50.11 ಎಂಬವರಿಂದ ಪಿಂಗ್ ಬಂತು. ಉತ್ತರ ಬರೆಯಿತು. ಕಳಿಸುವುದೆಲ್ಲಿಗೆ? ಅದಕ್ಕೆ ಗೊತ್ತಿರುವುದು ತನ್ನ 192.168.1 ಮಾತ್ರ. ಉಳಿದದ್ದೆಲ್ಲ ಇಂಟರ್ನೆಟ್ ಕಡೆಗೆ ಎಂದು ಡಿಫಾಲ್ಟ್ ರೂಟ್ ಹೇಳುತ್ತದೆ. ಹಾಗಾಗಿ ಮಾಳಿಗೆಗೆ ಬರಬೇಕಾದ ಉತ್ತರವನ್ನು ಹೊರಗಿನ ಫೈಬರಿಗೆ ತಳ್ಳುತ್ತದೆ. 192.168 ಖಾಸಗಿ ವಿಳಾಸ, ಹೊರಗೆ ಅದಕ್ಕೆ ಬೆಲೆ ಇಲ್ಲ. ಅಲ್ಲೇ ಸತ್ತಿತು.

ಸುಮ್ನೆ ನಂಬಬೇಡ, ಕಣ್ಣಾರೆ ನೋಡು. ಹಳೆಯ ಪಿಸಿಯಲ್ಲಿ, ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ‘ಟಿಸಿಪಿಡಂಪ್’ ಎಂಬ ಪ್ರೋಗ್ರಾಂ ಅನ್ನು ಕೆಳಗಿನ ಕಡೆಯ ಕಾರ್ಡಿನ ಮೇಲೆ ಓಡಿಸು. ಪಿಂಗ್ ಹೊರಗೆ ಹೋಗುವುದು ಸಾಲುಸಾಲಾಗಿ ಕಾಣುತ್ತದೆ, ಉತ್ತರ ಒಂದೂ ಇಲ್ಲ. ಹೋಗುವುದೇ ಕಾಣದಿದ್ದರೆ ಫಾರ್ವರ್ಡಿಂಗ್ ಸರಿಯಿಲ್ಲ. ಹೋಗಿ ಬಾರದಿದ್ದರೆ ವಾಪಸ್ ದಾರಿ ಇಲ್ಲ. ಇದೊಂದು ಗೊತ್ತಿದ್ದರೆ ನನಗೆ ಕಾಗದ ಬರೆಯುವ ಖರ್ಚು ಉಳಿಯುತ್ತದೆ.

ಪರಿಹಾರ ಎರಡು ಬಗೆ. ರೌಟರಿನ ಪುಟದಲ್ಲಿ ಸ್ಟಾಟಿಕ್ ರೂಟ್ ಎಂಬ ಜಾಗ ಇದ್ದರೆ, ಅಲ್ಲಿ 192.168.50.0, ಮಾಸ್ಕ್ 255.255.255.0, ಗೇಟ್‌ವೇ 192.168.1.20 ಎಂದು ಹಾಕು. ‘ಮಾಳಿಗೆಯವರ ಕಾಗದ ಈ ಅಂಗಡಿಗೆ ಕೊಡಿ’ ಎಂದು ಹೇಳಿದ ಹಾಗೆ. ಇದು ನೇರ ದಾರಿ, ನನಗೆ ಇಷ್ಟ. ಆದರೆ ಕೆಲವು ಮನೆ ರೌಟರುಗಳಲ್ಲಿ ಆ ಜಾಗವೇ ಇರುವುದಿಲ್ಲ. ಇನ್ನು ಕೆಲವು ತಮ್ಮ ಸ್ವಂತ ನೆಟ್‌ವರ್ಕಿನ ವಿಳಾಸಗಳಿಗೆ ಮಾತ್ರ ನ್ಯಾಟ್ ಮಾಡುತ್ತವೆ, ಅಂದರೆ ಒಳಗಿನ ವಿಳಾಸ ಬದಲಿಸಿ ಹೊರಗೆ ಕಳಿಸುತ್ತವೆ. ಆಗ 1.1ಕ್ಕೆ ಪಿಂಗ್ ಆಗುತ್ತದೆ, ಇಂಟರ್ನೆಟ್ ಬರುವುದಿಲ್ಲ.

ಹಾಗಾದರೆ ಎರಡನೆಯದು, ಮಾಸ್ಕರೇಡ್. ಲಿನಕ್ಸಿನ ಫೈರ್‌ವಾಲ್ ಆದ ಐಪಿಟೇಬಲ್ಸಿನ ನ್ಯಾಟ್ ಟೇಬಲಿನಲ್ಲಿ ಪೋಸ್ಟ್‌ರೌಟಿಂಗ್ ಎಂಬ ಸರಪಳಿಗೆ, ಅಂದರೆ ನಿಯಮಗಳ ಪಟ್ಟಿಗೆ, ಒಂದು ಸಾಲು ಸೇರಿಸಬೇಕು: ಕೆಳಗಿನ ಕಡೆಯ ಕಾರ್ಡಿನಿಂದ ಹೊರಟದ್ದಕ್ಕೆಲ್ಲ ಮಾಸ್ಕರೇಡ್. ಈಗ ಅಂಗಡಿಯವರು ಗುಡ್ಡೆ ಮನೆಯ ಕಾಗದ ಕಳಿಸುವಾಗ ‘ಇಂದ’ ಎಂಬಲ್ಲಿ ತಮ್ಮ ಅಂಗಡಿಯ ವಿಳಾಸ ಬರೆಯುತ್ತಾರೆ. ಯಾರ ಕಾಗದ ಯಾವುದು ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಉತ್ತರ ಬಂದಾಗ ಪುಸ್ತಕ ನೋಡಿ ಗುಡ್ಡೆಗೆ ಕಳಿಸುತ್ತಾರೆ. ಕೆಳಗಿನ ರೌಟರಿಗೆ ಮಾಳಿಗೆ ಉಂಟೆಂದೇ ಗೊತ್ತಾಗುವುದಿಲ್ಲ. ಈ ಸಾಲನ್ನೂ ಕರೆಂಟ್ ಹೋಗಿ ಬಂದ ಮೇಲೆ ಉಳಿಯುವಂತೆ ಸೇವ್ ಮಾಡಬೇಕು, ಮರೆಯಬೇಡ.

ಮುಗಿಯಿತು ಎಂದುಕೊಂಡೆಯಾ? ನೀನು ಇಷ್ಟೆಲ್ಲ ಮಾಡಿದ್ದು ಮಕ್ಕಳು ಆಫೀಸಿನ ಜತೆ ಸೇರಬಾರದೆಂದು. ಈಗ ಬಾಗಿಲು ತೆರೆಯಿತು, ಮಕ್ಕಳ ಕಂಪ್ಯೂಟರಿನಿಂದ ಆಫೀಸಿನ ಎಲ್ಲ ಕಂಪ್ಯೂಟರಿಗೂ ಹೋಗಬಹುದು. ಹಾಗಾಗಿ ಫಾರ್ವರ್ಡ್ ಸರಪಳಿಯಲ್ಲಿ ‘ಮಕ್ಕಳ ಕಾರ್ಡಿನಿಂದ ಬಂದು 192.168.1.0/24ಕ್ಕೆ ಹೋಗುವುದನ್ನು ಬಿಡಬೇಡ’ ಎಂದು ಒಂದು ಸಾಲು ಹಾಕು. /24 ಎಂದರೆ 192.168.1ರಿಂದ ಶುರುವಾಗುವ ಎಲ್ಲ ವಿಳಾಸ. ‘ಹಾಗಾದರೆ ಇಂಟರ್ನೆಟ್ ನಿಲ್ಲುವುದಿಲ್ಲವಾ, ಅದೂ 1.1ರ ಮೂಲಕವೇ ಅಲ್ವಾ?’ ಎಂದು ಕೇಳುತ್ತಿ. ನಿಲ್ಲುವುದಿಲ್ಲ. ಇಂಟರ್ನೆಟ್ಟಿಗೆ ಹೋಗುವ ಪ್ಯಾಕೆಟ್ಟಿನ ಮೇಲೆ ದೂರದ ವಿಳಾಸ ಇರುತ್ತದೆ. 1.1ರ ಮ್ಯಾಕ್ ಮಾತ್ರ ಹೊರಗಿನ ಫ್ರೇಮಿನಲ್ಲಿ ಇರುವುದು, ಅದರ ಐಪಿ ಎಲ್ಲೂ ಇಲ್ಲ. ಒಂದೇ ಎಚ್ಚರಿಕೆ: ಮಕ್ಕಳ ಕಂಪ್ಯೂಟರಿನಲ್ಲಿ ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು) 192.168.1.1 ಎಂದು ಇದ್ದರೆ ಅದು ನಿಲ್ಲುತ್ತದೆ. 8.8.8.8 ಅಥವಾ 1.1.1.1 ಕೊಡು.

ಪ್ರಶ್ನೆ: ಸರ್, ನನ್ನ ಲಿನಕ್ಸ್ ಡಬ್ಬಿಯಲ್ಲಿ ಐಪಿ ಫಾರ್ವರ್ಡ್ 1 ಇದೆ. ವಾಪಸ್ ರೂಟೂ ಇದೆ. ಮೊನ್ನೆಯವರೆಗೆ ಚೆನ್ನಾಗಿ ನಡೆಯುತ್ತಿತ್ತು. ಪ್ರಾಜೆಕ್ಟಿಗೆ ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಕಂಟೇನರಿನಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿದ ದಿನದಿಂದ ಏನೂ ದಾಟುತ್ತಿಲ್ಲ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಕುಂಬಳೆ

ಉತ್ತರ: ಕೊರೊನಾ ಶುರುವಾದ 2020ರ ಮಾರ್ಚ್ ನೆನಪುಂಟಾ? ಕೇರಳ, ಕರ್ನಾಟಕದ ಗಡಿಯ ತಲಪಾಡಿಯ ರಸ್ತೆ ಎಲ್ಲಿಗೂ ಹೋಗಿರಲಿಲ್ಲ. ಮಂಗಳೂರಿಗೆ ದಾರಿ ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಗಡಿಯಲ್ಲಿ ಬಿಡುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟವರೂ ಈಚೆಯೇ ನಿಂತರು. ರೂಟ್ ಇರುವುದು ಬೇರೆ, ಬಿಡುವುದು ಬೇರೆ.

ನಿಮ್ಮ ಡಬ್ಬಿಯಲ್ಲಿ ಬಿಡುವವರು ಫಾರ್ವರ್ಡ್ ಸರಪಳಿ. ಡಾಕರ್ ತನ್ನ ಕೆಲಸಕ್ಕಾಗಿ ಫಾರ್ವರ್ಡಿಂಗನ್ನು ತಾನೇ ಆನ್ ಮಾಡುತ್ತದೆ. ಜತೆಗೆ ಆ ಸರಪಳಿಯ ಪಾಲಿಸಿಯನ್ನು ‘ಡ್ರಾಪ್’ ಎಂದು ಇಡುತ್ತದೆ. ತಾನು ಹೇಳಿದ್ದನ್ನು ಬಿಟ್ಟು ಉಳಿದದ್ದು ಯಾವುದೂ ದಾಟಬಾರದು ಎಂದು. ಅದರ ದೃಷ್ಟಿಯಲ್ಲಿ ಒಳ್ಳೆಯ ಬುದ್ಧಿಯೇ. ‘ಡಾಕರ್-ಯೂಸರ್’ ಎಂಬ ಸರಪಳಿಯನ್ನು ಅದು ನಿಮಗೆಂದೇ ಬಿಟ್ಟಿದೆ. ನಿಮ್ಮ ಎರಡು ಕಾರ್ಡುಗಳ ನಡುವಿನ ಓಡಾಟಕ್ಕೆ ಒಪ್ಪಿಗೆಯನ್ನು ಅಲ್ಲಿ ಬರೆಯಿರಿ. ಹೋಗುವುದಕ್ಕೂ ಬರೆಯಿರಿ, ಬರುವುದಕ್ಕೂ ಬರೆಯಿರಿ. ಉಬುಂಟುವಿನ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಆನ್ ಮಾಡಿದವರಿಗೂ ಇದೇ ಗತಿ. ಅದರ ಫಾರ್ವರ್ಡ್ ಪಾಲಿಸಿ ಮೊದಲಿಗೆ ಡ್ರಾಪ್.

ಪ್ರಶ್ನೆ: ಅಣ್ಣಾ, ನಾನು ಸಿಸಿಟಿವಿ ಕೆಲಸದವ. ಒಂದು ಜವಳಿ ಅಂಗಡಿಯಲ್ಲಿ ಸಿಸ್ಕೋದ ಲೇಯರ್ 3 ಸ್ವಿಚ್ಚು (ಕೇಬಲ್‌ಗಳನ್ನು ಸೇರಿಸುವ, ರೌಟರಿನ ಕೆಲಸವೂ ಬರುವ ಡಬ್ಬಿ) ಉಂಟು. ಅದರಲ್ಲಿ ಎರಡು ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್. ವಿಲ್ಯಾನ್ 10 ಬಿಲ್ಲಿಂಗಿಗೆ, ವಿಲ್ಯಾನ್ 20 ಕ್ಯಾಮೆರಾಕ್ಕೆ. ಎರಡಕ್ಕೂ ಸ್ವಿಚ್ಚಿನಲ್ಲಿ ಐಪಿ ಕೊಟ್ಟೆ. ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಲೇಯರ್ 3 ಅಂದರೆ ತಾನೇ ದಾಟಿಸಬೇಕಲ್ಲ?
– ಉಪ್ಪಳ

ಉತ್ತರ: ದಾಟಿಸುವ ಶಕ್ತಿ ಉಂಟು, ನೀವು ಹೇಳದೆ ದಾಟಿಸುವುದಿಲ್ಲ. ಸಿಸ್ಕೋದ ರೌಟರುಗಳಲ್ಲಿ ಇದು ಮೊದಲೇ ಆನ್. ಸ್ವಿಚ್ಚುಗಳಲ್ಲಿ ಹೆಚ್ಚಿನವು ಆಫ್ ಇಟ್ಟೇ ಬರುತ್ತವೆ. ಕಾನ್ಫಿಗ್ ಮೋಡ್‌ಗೆ ಹೋಗಿ ‘ಐಪಿ ರೌಟಿಂಗ್’ ಎಂದು ಎರಡೇ ಪದ ಕೊಡಿ. ವಿಲ್ಯಾನಿನ ಇಂಟರ್ಫೇಸಿಗೆ ‘ನೋ ಶಟ್‌ಡೌನ್’ ಕೊಟ್ಟಿದ್ದೀರಾ ನೋಡಿ. ಆ ವಿಲ್ಯಾನಿನಲ್ಲಿ ಒಂದಾದರೂ ಪೋರ್ಟಿಗೆ ಜೀವ ಇರುವ ಕೇಬಲ್ ಬೇಕು, ಇಲ್ಲದಿದ್ದರೆ ಆ ಇಂಟರ್ಫೇಸು ಮೇಲೇಳುವುದಿಲ್ಲ. ಕ್ಯಾಮೆರಾಗಳ ಗೇಟ್‌ವೇ ಸ್ವಿಚ್ಚಿನ ವಿಲ್ಯಾನ್ 20ರ ವಿಳಾಸ ಆಗಿರಬೇಕು. ಕ್ಯಾಮೆರಾಕ್ಕೆ ಗೇಟ್‌ವೇ ಕೊಡುವುದನ್ನು ನಿಮ್ಮ ಕಸುಬಿನವರು ತುಂಬಾ ಸಲ ಮರೆಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಮತ್ತೆ ಅದೇ ವಾಪಸ್ ದಾರಿಯ ಕಥೆ.

ಆದರೆ ಆ ಎರಡು ಪದ ಕೊಡುವ ಮೊದಲು ಒಂದು ನಿಮಿಷ. ಸ್ವಿಚ್ಚಿನಲ್ಲಿ ‘ಐಪಿ ಡಿಫಾಲ್ಟ್-ಗೇಟ್‌ವೇ’ ಎಂಬ ಸಾಲು ಇರಬಹುದು. ರೌಟಿಂಗ್ ಆನ್ ಆದ ಕೂಡಲೇ ಸ್ವಿಚ್ಚು ಆ ಸಾಲನ್ನು ಕೇಳುವುದಿಲ್ಲ. ಅದರ ಬದಲು ‘ಐಪಿ ರೂಟ್ 0.0.0.0 0.0.0.0’ ಎಂದು ಬರೆದು ಮುಂದೆ ಗೇಟ್‌ವೇ ವಿಳಾಸ ಹಾಕಬೇಕು. ಇದನ್ನು ಮೊದಲು ಹಾಕಿ, ಆಮೇಲೆ ರೌಟಿಂಗ್ ಆನ್ ಮಾಡಿ. ನಾನು ಒಮ್ಮೆ ಮನೆಯಲ್ಲಿ ಕೂತು ಮಂಜೇಶ್ವರ ಕಡೆಯ ಒಂದು ಗೋದಾಮಿನ ಸ್ವಿಚ್ಚಿಗೆ ದೂರದಿಂದ ಈ ಕಮಾಂಡ್ ಕೊಟ್ಟೆ. ಎಂಟರ್ ಒತ್ತಿದ್ದೇ ತಡ, ಪರದೆ ಗಪ್‌ಚಿಪ್. ಸ್ವಿಚ್ಚಿಗೆ ನನ್ನ ಮನೆಗೆ ವಾಪಸ್ ಬರುವ ದಾರಿ ಹೋಯಿತು. ಆಟಿ ತಿಂಗಳ ಮಳೆಯಲ್ಲಿ ಕನ್ಸೋಲ್ ಕೇಬಲನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಬೈಕಿನಲ್ಲಿ ಹೋದೆ. ಬರೆದದ್ದು ಒಂದು ಸಾಲು. ಗೋದಾಮಿನವರು ಚಹಾ ಕೊಟ್ಟರು. ಬಿಲ್ ಕೇಳಲಿಕ್ಕೆ ಮುಖ ಇರಲಿಲ್ಲ.

ಪ್ರಶ್ನೆ: ರೌಟಿಂಗ್ ಟೇಬಲಿನಲ್ಲಿ ಒಂದೇ ವಿಳಾಸಕ್ಕೆ ಎರಡು ಮೂರು ಸಾಲು ಹೊಂದಿದರೆ ಮೇಲಿನ ಸಾಲು ಗೆಲ್ಲುತ್ತದಾ? ಪರೀಕ್ಷೆಯಲ್ಲಿ ಹಾಗೆ ಬರೆದು ಅಂಕ ಹೋಯಿತು.
– ಡಿಪ್ಲೊಮಾ ವಿದ್ಯಾರ್ಥಿನಿ, ಪೆರ್ಲ

ಉತ್ತರ: ಅಂಕ ಹೋದದ್ದು ಸರಿಯೇ ಮಗಳೇ. ಮೇಲೆ, ಕೆಳಗೆ ಲೆಕ್ಕ ಇಲ್ಲ. ಹೆಚ್ಚು ಉದ್ದಕ್ಕೆ ಹೊಂದುವುದು ಯಾವುದೋ ಅದು ಗೆಲ್ಲುತ್ತದೆ.

ನಿಮ್ಮ ಪಿನ್ ಕೋಡನ್ನೇ ನೋಡು. 1972ರ ಆಗಸ್ಟ್ 15ರಂದು ಶುರುವಾದದ್ದು. ನಮ್ಮ ಕಾಸರಗೋಡಿನದ್ದು 671ರಿಂದ ಶುರು. ದಿಲ್ಲಿಯಲ್ಲಿ ಕಾಗದ ವಿಂಗಡಿಸುವವರಿಗೆ ಮೊದಲ 6 ಸಾಕು, ತಮಿಳುನಾಡು, ಕೇರಳದ ಕಡೆಗೆ ಎಸೆಯುತ್ತಾರೆ. ಇಲ್ಲಿಗೆ ಹತ್ತಿರ ಬಂದ ಮೇಲೆ 671 ನೋಡಬೇಕು. ಕೊನೆಯ ಮೂರು ಅಂಕಿ ನೋಡುವುದು ಪೆರ್ಲದ ಪೋಸ್ಟಾಫೀಸು ಯಾವುದೆಂದು ತಿಳಿಯಲು. ‘6ರದ್ದೆಲ್ಲ ಈ ಚೀಲಕ್ಕೆ’, ‘671ರದ್ದು ಆ ಚೀಲಕ್ಕೆ’ ಎಂದು ಎರಡು ಚೀಟಿ ಅಂಟಿಸಿದ್ದರೆ ನಿನ್ನ ಕಾಗದ ಎರಡಕ್ಕೂ ಹೊಂದುತ್ತದೆ. ಆದರೆ 671ರ ಚೀಲಕ್ಕೇ ಬೀಳಬೇಕು. ಯಾವ ಚೀಟಿ ಮೇಲೆ ಅಂಟಿಸಿದ್ದು ಎಂದು ಯಾರೂ ನೋಡುವುದಿಲ್ಲ.

ಹಾಗೆಯೇ 10.20.7.9ಕ್ಕೆ ಹೋಗುವ ಪ್ಯಾಕೆಟ್ 0.0.0.0/0ಕ್ಕೂ ಹೊಂದುತ್ತದೆ, 10.0.0.0/8ಕ್ಕೂ ಹೊಂದುತ್ತದೆ, 10.20.7.0/24ಕ್ಕೂ ಹೊಂದುತ್ತದೆ. ಗೆರೆಯ ನಂತರದ ಅಂಕಿಯೇ ಉದ್ದ, ಅಂದರೆ ವಿಳಾಸದ ಮೊದಲ ಎಷ್ಟು ಬಿಟ್ ಹೊಂದಬೇಕು ಎಂಬುದು. ಗೆಲ್ಲುವುದು /24. ಮೆಟ್ರಿಕ್, ಅಂದರೆ ದಾರಿಗೆ ಕೊಟ್ಟ ಬೆಲೆಯ ಅಂಕಿ, ನೋಡುವುದು ಉದ್ದ ಸಮ ಆದಾಗ ಮಾತ್ರ. ನೀನು ತಪ್ಪಿದ್ದು ಎಲ್ಲಿ ಎಂದು ನನಗೆ ಅಂದಾಜು ಉಂಟು. ಫೈರ್‌ವಾಲ್ ಪಾಠವನ್ನೂ ಅದೇ ವಾರ ಓದಿರಬೇಕು. ಅಲ್ಲಿ ಮೇಲಿನಿಂದ ಕೆಳಗೆ, ಮೊದಲು ಹೊಂದಿದ ಸಾಲಿಗೇ ಜಯ. ಒಂದೇ ಡಬ್ಬಿಯಲ್ಲಿ ಎರಡು ಟೇಬಲ್, ಎರಡಕ್ಕೆ ಎರಡು ನ್ಯಾಯ.

ಪ್ರಶ್ನೆ: ಒಂದು ವಿಳಾಸಕ್ಕೆ ಟ್ರೇಸ್‌ರೂಟ್ (ದಾರಿಯ ರೌಟರುಗಳನ್ನು ತೋರಿಸುವ ಕಮಾಂಡ್) ಕೊಟ್ಟರೆ ನಮ್ಮದೇ ಎರಡು ರೌಟರುಗಳ ಹೆಸರು ಒಂದರ ನಂತರ ಒಂದು, ಕೊನೆಯೇ ಇಲ್ಲದ ಹಾಗೆ ಬರುತ್ತದೆ. ಇದೆಂತ ಭೂತ?
– ಶಾಲೆಯ ಮಾಷ್ಟ್ರು, ಬದಿಯಡ್ಕ

ಉತ್ತರ: ಮಾಷ್ಟ್ರೇ, ಆ ಭೂತಕ್ಕೆ ಕೋಲ ಕೊಟ್ಟವ ನಾನು. ಒಂದು ಸಂಘದ ಕಚೇರಿಗೆ ನಾನೇ ನೆಟ್‌ವರ್ಕ್ ಮಾಡಿದ್ದೆ. ದೊಡ್ಡ ಕಚೇರಿಯಿಂದ ಗೋದಾಮಿಗೆ ನಿಧಾನದ ಒಂದು ವೈರ್‌ಲೆಸ್ ಲಿಂಕ್. ಗೋದಾಮಿನಲ್ಲಿ 192.168.50, 192.168.51 ಎಂದು ಎರಡು ನೆಟ್‌ವರ್ಕ್. ಮುಂದೆ ಇನ್ನೂ ಸೇರಿಸಬಹುದು ಎಂದು ಜಾಣತನ ಮಾಡಿ, ದೊಡ್ಡ ಕಚೇರಿಯ ರೌಟರಿನಲ್ಲಿ 192.168.48.0/20 ಪೂರ್ತಿ ಗೋದಾಮಿನ ಕಡೆಗೆ ಎಂದು ಒಂದೇ ಸಾಲು ಬರೆದೆ. 48ರಿಂದ 63ರವರೆಗೆ ಎಲ್ಲ ಅದರಲ್ಲಿ ಬಂತು. ಗೋದಾಮಿನ ರೌಟರಿನಲ್ಲಿ ಡಿಫಾಲ್ಟ್ ರೂಟ್ ದೊಡ್ಡ ಕಚೇರಿಗೆ. ಎಲ್ಲ ಚೆನ್ನಾಗಿತ್ತು.

ಕೆಲವು ತಿಂಗಳ ನಂತರ ‘ಲಿಂಕ್ ತುಂಬಾ ನಿಧಾನ’ ಎಂದು ದೂರು. ನೋಡಿದರೆ ಒಂದು ಕಂಪ್ಯೂಟರ್ 192.168.55.10 ಎಂಬ ಪ್ರಿಂಟರನ್ನು ಹುಡುಕುತ್ತಾ ಉಂಟು. ಆ ಪ್ರಿಂಟರ್ ಎಂದೋ ಗುಜರಿಗೆ ಹೋಗಿತ್ತು. ದೊಡ್ಡ ರೌಟರ್ ‘55 ಅಂದರೆ ಗೋದಾಮು’ ಎಂದು ಕಳಿಸಿತು. ಗೋದಾಮಿನ ರೌಟರಿಗೆ 55 ಗೊತ್ತಿಲ್ಲ, ‘ಡಿಫಾಲ್ಟ್ ಅಂದರೆ ದೊಡ್ಡ ಕಚೇರಿ’ ಎಂದು ತಿರುಗಿ ಕಳಿಸಿತು. ಇಬ್ಬರೂ ನಿಯಮ ಪಾಲಿಸುವವರೇ. ಪ್ರತಿ ದಾಟಿಗೆ ಟಿಟಿಎಲ್, ಅಂದರೆ ಪ್ಯಾಕೆಟ್ಟಿನ ಆಯುಸ್ಸಿನ ಅಂಕಿ, ಒಂದು ಇಳಿಯುತ್ತದೆ, ಸೊನ್ನೆ ಆದಾಗ ಪ್ಯಾಕೆಟ್ ಸಾಯುತ್ತದೆ. ಅದೊಂದೇ ಪುಣ್ಯ. ಲಿನಕ್ಸ್ 64ರಿಂದ ಶುರು ಮಾಡುತ್ತದೆ, ವಿಂಡೋಸ್ 128ರಿಂದ. ಆ ಕಂಪ್ಯೂಟರ್ ವಿಂಡೋಸ್. ಇಲ್ಲದ ಪ್ರಿಂಟರಿಗೆ ಹೊರಟ ಒಂದೊಂದು ಪ್ಯಾಕೆಟ್ಟೂ ಆ ಬಡ ಲಿಂಕಿನ ಮೇಲೆ 120ಕ್ಕೂ ಹೆಚ್ಚು ಸಲ ಓಡಾಡುತ್ತಿತ್ತು.

ಗೋದಾಮಿನ ರೌಟರಿನಲ್ಲಿ 192.168.48.0/20 ಎಂಬುದನ್ನು ಬ್ಲ್ಯಾಕ್‌ಹೋಲ್ ರೂಟ್, ಅಂದರೆ ಬಂದದ್ದನ್ನು ಎಸೆಯುವ ದಾರಿ, ಎಂದು ಬರೆದೆ. ಸಿಸ್ಕೋದಲ್ಲಾದರೆ ನಲ್0 ಕಡೆಗೆ ಕಳಿಸುವುದು. ನಿಜವಾಗಿ ಇರುವ 50, 51 ಎಂಬವು /24, ಉದ್ದ ಜಾಸ್ತಿ, ಹಾಗಾಗಿ ಅವು ಗೆಲ್ಲುತ್ತವೆ. ಪೆರ್ಲದ ಮಗಳಿಗೆ ಹೇಳಿದ್ದೇ ನ್ಯಾಯ. ಉಳಿದದ್ದು ಅಲ್ಲೇ ಗುಂಡಿಗೆ. ನಿಮ್ಮಲ್ಲೂ ಒಂದು ಕಡೆ ಅಗಲದ ರೂಟ್, ಇನ್ನೊಂದು ಕಡೆ ಡಿಫಾಲ್ಟ್ ಎದುರುಬದುರು ನೋಡುತ್ತಿರಬೇಕು, ಹುಡುಕಿ.

ಪ್ರಶ್ನೆ: ಮಗ ಗಲ್ಫಿನಲ್ಲಿದ್ದಾನೆ. ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾವನ್ನು ಅಲ್ಲಿಂದ ನೋಡಬೇಕು ಎನ್ನುತ್ತಾನೆ. ‘ಫಾರ್ವರ್ಡಿಂಗ್ ಆನ್ ಮಾಡಿ ಅಪ್ಪ’ ಎಂದ. ರೌಟರಿನಲ್ಲಿ ಮಾಡಿದೆ. ಆಗುವುದಿಲ್ಲ.
– ಕೃಷಿಕರು, ನೀರ್ಚಾಲು

ಉತ್ತರ: ಅಣ್ಣಾ, ಮಗ ಹೇಳಿದ್ದು ಪೋರ್ಟ್ ಫಾರ್ವರ್ಡಿಂಗ್. ನಾವು ಇಷ್ಟು ಹೊತ್ತು ಮಾತಾಡಿದ್ದು ಐಪಿ ಫಾರ್ವರ್ಡಿಂಗ್. ಹೆಸರು ಒಂದೇ ಥರ, ಕೆಲಸ ಬೇರೆ. ಪೋರ್ಟಿನದ್ದರಲ್ಲಿ, ಹೊರಗಿನಿಂದ ರೌಟರಿನ ಇಂಥ ಪೋರ್ಟಿಗೆ ಬಂದದ್ದನ್ನು ಒಳಗಿನ ಇಂಥ ಯಂತ್ರಕ್ಕೆ ವಿಳಾಸ ತಿದ್ದಿ ಕೊಡುವುದು.

ನಿಮ್ಮ ರೌಟರಿನ ಪುಟದಲ್ಲಿ ಹೊರಗಿನ ಐಪಿ ಯಾವುದು ಎಂದು ನೋಡಿ. 100.64ರಿಂದ 100.127ರ ನಡುವಿನದ್ದಾದರೆ ಕೈಬಿಡಿ. ಅದು ಕಂಪನಿಯವರು ತುಂಬಾ ಮನೆಗಳನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಕೂರಿಸಲು ಬಳಸುವ ಸಾಲು, 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟದ್ದು. ಹೊರಗಿನವರು ತಟ್ಟುವ ಬಾಗಿಲು ನಿಮ್ಮ ಕೈಯಲ್ಲಿಲ್ಲ, ಕಂಪನಿಯವರ ಕೈಯಲ್ಲಿ. ಸಾರ್ವಜನಿಕ ವಿಳಾಸ ಇದ್ದರೂ ಕ್ಯಾಮೆರಾವನ್ನು ನೇರ ಇಂಟರ್ನೆಟ್ಟಿಗೆ ತೆರೆಯಬೇಡಿ ಎಂದೇ ನನ್ನ ಮಾತು. ಹಳೆಯ ಕ್ಯಾಮೆರಾಗಳ ಬೀಗ ಗಟ್ಟಿ ಇರುವುದಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಇದ್ದರೆ ಅದೇ ಸಾಕು. ಅದೂ ಬೇಡ ಎಂದರೆ ವೈರ್‌ಗಾರ್ಡ್ ಥರದ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ಬೀಗ ಹಾಕಿದ ಖಾಸಗಿ ದಾರಿ. ಅದಕ್ಕೆ ಎಲ್ಲಾದರೂ ಒಂದು ಕಡೆ ಸಾರ್ವಜನಿಕ ವಿಳಾಸ ಬೇಕು. ಮತ್ತೆ ಅಂಗಳದ ಬದಿಯ ಡಬ್ಬಿಯಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಬೇಕು, ಕ್ಯಾಮೆರಾಕ್ಕೆ ವಾಪಸ್ ದಾರಿ ಬೇಕು. ಮೊದಲ ಕಾಗದದ ಉತ್ತರವನ್ನು ಮಗನಿಗೆ ಫೋಟೊ ತೆಗೆದು ಕಳಿಸಿ.

ಪ್ರಶ್ನೆ: ವಿಂಡೋಸಿನಲ್ಲಿ ಇದೆಲ್ಲ ಆಗುವುದಿಲ್ಲವಾ?
– ಹೊಸಂಗಡಿ

ಉತ್ತರ: ಆಗುತ್ತದೆ. ರಿಜಿಸ್ಟ್ರಿಯಲ್ಲಿ ಟಿಸಿಪಿಐಪಿಯ ಪ್ಯಾರಾಮೀಟರ್ಸ್ ಒಳಗೆ ‘ಐಪಿಎನೇಬಲ್‌ರೌಟರ್’ ಎಂಬುದನ್ನು 1 ಮಾಡಿ ಯಂತ್ರ ರೀಸ್ಟಾರ್ಟ್ ಮಾಡಿ. ಪರೀಕ್ಷೆ ಮಾಡುವಾಗ ಮಾತ್ರ ಎಚ್ಚರ. ಬೇರೆ ನೆಟ್‌ವರ್ಕಿನಿಂದ ಬಂದ ಪಿಂಗಿಗೆ ವಿಂಡೋಸಿನ ಫೈರ್‌ವಾಲ್ ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ದಾರಿ ಸರಿ ಇದ್ದರೂ ಇಲ್ಲವೆಂದು ಕಾಣುತ್ತದೆ. ಪಿಂಗಿಗೆ ಪ್ರಿಂಟರನ್ನೋ ಕ್ಯಾಮೆರಾವನ್ನೋ ಆರಿಸಿಕೊಳ್ಳಿ.

ಪ್ರಶ್ನೆ: ಹೊಸ ಬಗೆಯ ಉದ್ದ ವಿಳಾಸಗಳ ಐಪಿವಿ6ಗೂ ಫಾರ್ವರ್ಡಿಂಗಿಗೆ ಅದೇ ಸ್ವಿಚ್ಚಾ ಮಾವ?
– ಎಡನೀರು

ಉತ್ತರ: ಅಲ್ಲ, ಬೇರೆ. ‘ನೆಟ್.ಐಪಿವಿ6.ಕಾನ್ಫ್.ಆಲ್.ಫಾರ್ವರ್ಡಿಂಗ್=1’. ಇದನ್ನು ಆನ್ ಮಾಡಿದರೆ ಲಿನಕ್ಸ್ ‘ಇನ್ನು ನಾನೇ ರೌಟರ್, ಬೇರೆ ರೌಟರಿನ ಮಾತು ನನಗೆ ಯಾಕೆ?’ ಎಂದು ಹೊರಗಿನ ರೌಟರ್ ಸಾರುವ ವಿವರಗಳನ್ನು ಕೇಳುವುದು ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಎಲ್ಲ ಸರಿ ಇರುತ್ತದೆ. ಹಳೆಯ ಡಿಫಾಲ್ಟ್ ರೂಟಿನ ಅವಧಿ ಮುಗಿದಾಗ ಡಬ್ಬಿಗೇ ಇಂಟರ್ನೆಟ್ ಹೋಗುತ್ತದೆ. ಹೊರಗಿನ ಕಾರ್ಡಿನ ‘ಆಕ್ಸೆಪ್ಟ್_ಆರ್‌ಎ’ ಎಂಬುದಕ್ಕೆ 2 ಕೊಡಿ. ಅಲ್ಲಿ 1 ಸಾಲದು.